ಹತ್ತೊಂಬತ್ತನೆಯ ಪ್ರಶ್ನೆ

ಪಿರಿಯಾಪಟ್ಟಣದಿಂದ ಹುಣಸೂರಿಗೆ ಬರುವ ಬಸ್ಸಿನಲ್ಲಿ ಮಧುಶ್ರೀಗೆ ಅಂತೂ ಕಿಟಕಿಯ ಸೀಟು ಸಿಕ್ಕಿತ್ತು. ತೊಡೆಯ ಮೇಲೆ ಅರವತ್ತು ಪ್ರಶ್ನಾವಳಿಗಳ ಕಟ್ಟು. ಕಟ್ಟಿಗೆ ಬಿಗಿದ ದಾರದ ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ಕೂತಿದ್ದಳು. ನಿನ್ನೆ ಸಂಜೆ ರೇಣುಕಾಪ್ರಸಾದ್ ಅದನ್ನು ಅವಳ ಕೈಗಿಡುವಾಗ ಆಡಿದ ಮಾತು ಇನ್ನೂ ಕಿವಿಯಲ್ಲೇ ಇತ್ತು. "ನಿಮ್ಮ ಬಿಬಿಎ ಹುಡುಗರತ್ರ ತುಂಬಿಸಿಕೊಡಮ್ಮ, ನಾಳೆ ಮಧ್ಯಾಹ್ನಕ್ಕೆ ಬೇಕು. ನಿನ್ನ ಬಿಟ್ರೆ ಇಂಥ ಕೆಲಸ ಇನ್ಯಾರಿಗೆ ಹೇಳಲಿ?" ಅವನು ವಿಭಾಗದ ಮುಖ್ಯಸ್ಥ. ಇವಳು ಅತಿಥಿ ಉಪನ್ಯಾಸಕಿ, ಒಂಬತ್ತು ವರ್ಷದಿಂದಲೂ ಅತಿಥಿಯೇ. ಥೂ, ಇದೆಂಥ ಅತಿಥಿ! ಬೇರೆ ಕಡೆ ಅತಿಥಿಗೆ ಕಾಫಿ ಕೊಡುತ್ತಾರೆ, ಇಲ್ಲಿ ಅತಿಥಿಯೇ ಅವನ ಟೇಬಲ್ಲಿಗೆ ಕಾಫಿ ತಂದಿಡಬೇಕು. ಹಾಗೆ ತಂದಿಟ್ಟು, ಅವನು ಕುಡಿದು ಮುಗಿಸುವತನಕ ನಿಂತು ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಇವತ್ತು ಮಾತ್ರ ಆ ಕಟ್ಟು ತೊಡೆಯ ಮೇಲೆ ಹಗುರವಾಗಿ, ಹಿತವಾಗಿ ಕೂತಿತ್ತು.

ಮೊದಲ ಹಾಳೆಯ ಮೇಲೆ ಅವನ ಪಿಎಚ್‌ಡಿ ಪ್ರಬಂಧದ ಹೆಸರು ದಪ್ಪಕ್ಷರದಲ್ಲಿತ್ತು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ವ್ಯವಹಾರ ಅಧ್ಯಯನ ವಿದ್ಯಾರ್ಥಿಗಳಲ್ಲಿ ವೃತ್ತಿ ಹೊಂದಾಣಿಕೆಯನ್ನು ರೂಪಿಸುವ ಅಂಶಗಳು. ಕೆಳಗೆ ಇಪ್ಪತ್ತನಾಲ್ಕು ವಾಕ್ಯ, ಪ್ರತಿಯೊಂದರ ಮುಂದೆ ಐದು ಚೌಕ. ಒಂದು ಅಂದರೆ ಖಂಡಿತ ಇಲ್ಲ, ಐದು ಅಂದರೆ ಖಂಡಿತ ಹೌದು. 'ನಾನು ನೆನೆಸಿದ ಕೆಲಸ ಸಿಗದಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳಬಲ್ಲೆ.' 'ಹೊಸಬರೆದುರು ಮಾತಾಡಲು ನನಗೆ ಧೈರ್ಯವಿದೆ.' ಹತ್ತೊಂಬತ್ತನೆಯದನ್ನು ಓದಿದಾಗ ಮಧುಶ್ರೀ ಜೋರಾಗಿಯೇ ನಕ್ಕುಬಿಟ್ಟಳು, ಪಕ್ಕದ ಹೆಂಗಸು ತಿರುಗಿ ನೋಡಿದಳು. 'ಕಷ್ಟ ಬಂದಾಗ ನನ್ನ ಅಧ್ಯಾಪಕರು ನನ್ನ ಬೆನ್ನಿಗೆ ನಿಲ್ಲುತ್ತಾರೆ.' ಈ ಮನುಷ್ಯ ಕೂತು ಈ ಪ್ರಶ್ನೆ ಬರೆದಿದ್ದಾನೆ! ಬರೆಯುವಾಗ ಅವನ ಕೈ ಒಂದು ಸಲವಾದರೂ ನಡುಗಲಿಲ್ಲವೇ? ಇಲ್ಲ, ನಡುಗಿರಲಾರದು. ಆ ಕೈಗೆ ನಡುಕವೆನ್ನುವುದೇ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಅದೇ ಕೈ ಸೆಮಿನಾರ್ ಹಾಲಿನಲ್ಲಿ ಅವಳ ಫೈಲ್ ತಿರುವುತ್ತಿತ್ತು. ಕೆಲಸಕ್ಕೆ ಆರಿಸಲು ಮೈಸೂರಿನ ಕಂಪನಿಯಿಂದ ಇಬ್ಬರು ಬಂದಿದ್ದರು, ಕೊನೆಯ ವರ್ಷದವರೆಲ್ಲ ಹಾಲಿನಲ್ಲಿ ಕೂತಿದ್ದರು. ಅವಳು ಗೆಳತಿಯ ನೀಲಿ ಚೂಡಿದಾರ ಕೇಳಿ ಹಾಕಿಕೊಂಡು ಹೋಗಿದ್ದಳು, ತನ್ನ ಪರಿಚಯದ ಮಾತನ್ನು ಒಂದು ತಿಂಗಳು ಕನ್ನಡಿಯ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. ನಾಲ್ಕು ವಾಕ್ಯ ಸಲೀಸಾಗಿ ಹೇಳಿದಳು. ಐದನೆಯದಕ್ಕೆ ಬಾಯಿ ತೆರೆದಾಗ ಅವನು ಫೈಲಿನಿಂದ ತಲೆಯೆತ್ತಿ, "ಓ, ಪಿರಿಯಾಪಟ್ಟಣದ ಕಂಠಪ್ಪನ ಮಗಳಾ ನೀನು?" ಎಂದ. ಬಂದವರ ಕಡೆ ತಿರುಗಿ, "ಸಾರ್, ಇದು ನಮ್ಮ ಕಂಠಪ್ಪನ ಬೇಲ್. ಮೇಲೆ ಚಿನ್ನದಂಥ ಸೊಪ್ಪು. ನಡುವೆ ಏನಿದೆ ಅಂತ ಕೈ ಹಾಕೇ ನೋಡ್ಬೇಕು," ಎಂದ.

ಹಾಲ್ ಹೋ ಎಂದು ನಕ್ಕಿತು. ಹೊಗೆಸೊಪ್ಪು ಬೆಳೆದು ಬೇಲ್ ಕಟ್ಟುವ ಮನೆಯ ಮಕ್ಕಳು ಒಂದು ಅರ್ಥಕ್ಕೆ ನಕ್ಕರು, ಹಿಂದಿನ ಬೆಂಚಿನ ಗಂಡುಹುಡುಗರು ಇನ್ನೊಂದಕ್ಕೆ ನಕ್ಕರು. ಬಂದಿದ್ದ ಇಬ್ಬರೂ ತಲೆ ತಗ್ಗಿಸಿ ಕಾಗದ ನೋಡುತ್ತ ನಕ್ಕರು. ತೆರೆದ ಬಾಯಿ ಮುಚ್ಚಿಕೊಂಡಿತು, ಐದನೆಯ ವಾಕ್ಯ ಹೊರಗೆ ಬರಲೇ ಇಲ್ಲ. ಸಂಜೆ ಹಾಕಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅಳಲಿಲ್ಲ. ಮಾರನೆಯ ದಿನ ಅವನ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಅದರ ಮಾರನೆಯ ದಿನವೂ ಕೂತಳು. ಪರೀಕ್ಷೆ ಬರುವತನಕ, ದಿನಾ, ಅವನು ತಲೆಯೆತ್ತಿದರೆ ತನ್ನ ಮುಖವೇ ಕಾಣಬೇಕು ಅಂತ. ಅವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಚಾಕ್‌ಪೀಸ್ ತರಲು ಅವಳನ್ನೇ ಕಳಿಸುತ್ತಿದ್ದ. ಎಂ.ಕಾಂ. ಮುಗಿಸಿ, ನಾಲ್ಕಾರು ಕಡೆ ದುಡಿದು, ಕೊನೆಗೆ ಅವನ ಕೈಕೆಳಗೇ ಅತಿಥಿಯಾಗಿ ಸೇರಿದಾಗ ಅವ್ವ ಮಂಗಳಮ್ಮ ಹಣೆ ಚಚ್ಚಿಕೊಂಡಿದ್ದಳು. "ಅಲ್ಲ ಕಣೇ, ಕೆ.ಆರ್. ನಗರದಾಗೂ ಕಾಲೇಜೈತೆ, ಕೋಟೆನಾಗೂ ಐತೆ. ಆ ಮನುಸನ ಮುಂದೇನೇ ಓಗಿ ಯಾಕೆ ಕುಂತ್ಕತೀಯೆ?" ಬಸ್ಸು ಅನುಕೂಲ ಅವ್ವ, ಅಂದಿದ್ದಳು. ಇನ್ನೇನು ಹೇಳುವುದು? ಕಾಯುತ್ತಿದ್ದೀನಿ ಅನ್ನುವುದಕ್ಕಾಗುತ್ತದೆಯೇ?

ಕಿಟಕಿಯಾಚೆ ಒಂದು ಟ್ರ್ಯಾಕ್ಟರ್ ಗೋಣಿಬಟ್ಟೆ ಸುತ್ತಿದ ಹೊಗೆಸೊಪ್ಪಿನ ಬೇಲ್‌ಗಳನ್ನು ಹೇರಿಕೊಂಡು ಹರಾಜಿಗೆ ಹೋಗುತ್ತಿತ್ತು. ಬಸ್ಸು ಅದನ್ನು ಹಿಂದೆ ಹಾಕುವಾಗ ಹದವಾಗಿ ಬೇಯಿಸಿದ ಸೊಪ್ಪಿನ ಸಿಹಿ ಘಾಟು ಒಳಗೆ ಬಂತು. ಆ ಘಾಟಿಗೆ ಹಳೆಯದೊಂದು ದಿನ ನೆನಪಾಯಿತು. ಆಗ ಅವಳಿಗೆ ಹತ್ತು ವರ್ಷ. ಸೊಪ್ಪು ಬೇಯಿಸುವ ಬ್ಯಾರನ್ನಿನಿಂದ ಇಳಿಸಿದ ಸೊಪ್ಪನ್ನು ನಡುಮನೆಯಲ್ಲಿ ಹರಡಿಕೊಂಡು ಅವ್ವ, ಅತ್ತೆ, ಪಕ್ಕದ ಮನೆಯ ರಾಮಮ್ಮ ಬಣ್ಣ ನೋಡಿ ವಿಂಗಡಿಸುತ್ತಿದ್ದರು. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಹಸಿರು ಉಳಿದದ್ದು, ಕರಕಾದದ್ದು ಮೂಲೆಗೆ. "ನೆಲ ಚೊಕ್ಕ ಮಾಡ್ಬುಟ್ಟು ಆಟಕ್ಕೋಗು," ಅಂದಿದ್ದಳು ಅವ್ವ. ಮೂಲೆಯ ಕಸದ ಸೊಪ್ಪನ್ನು ಹಿತ್ತಲಿಗೆ ಹೊರುವುದಕ್ಕೆ ಆರೇಳು ಸಲ ತಿರುಗಬೇಕು. ಅಪ್ಪ ಅರ್ಧ ತುಂಬಿ ಊಟಕ್ಕೆ ಎದ್ದುಹೋಗಿದ್ದ ಬೇಲ್ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ಅವಳು ಅಷ್ಟನ್ನೂ ಬಾಚಿ ಅದರ ನಡುವೆ ತುರುಕಿ, ಮೇಲೆ ಒಳ್ಳೆಯ ಸೊಪ್ಪು ಹರಡಿ, ಓಡಿದಳು. ಅದು ಮೋಸ ಅಂತ ಗೊತ್ತಿರಲಿಲ್ಲ. ನೆಲ ಚೊಕ್ಕವಾಗಿತ್ತು, ಅವ್ವ ಮೆಚ್ಚಿದಳು.

ಮಾರನೆಯ ದಿನ ಅಪ್ಪನ ಜೊತೆ ಹಟ ಮಾಡಿ ಹರಾಜು ಕಟ್ಟೆಗೆ ಹೋಗಿದ್ದಳು. ಕೊಳ್ಳುವವರು ಬೇಲ್‌ಗಳ ಸಾಲಿನಲ್ಲಿ ನಡೆದು ಬಂದರು. ಅವರ ಜೊತೆ ಸೀಸನ್ನಿಗೆ ಸೇರಿದ್ದ ತೆಳ್ಳಗಿನ ಒಬ್ಬ ಗುಮಾಸ್ತ, ತೋಳು ಮಡಚಿದ ಬಿಳಿ ಶರ್ಟು. ಅಪ್ಪನ ಬೇಲ್ ಮುಂದೆ ನಿಂತವನು ಮೊಣಕೈತನಕ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ಎಳೆದು ಮೇಲೆತ್ತಿದ. ಕಪ್ಪು, ಹಸಿರು, ಪುಡಿ, ಒಂದು ಪೊರಕೆ ಕಡ್ಡಿ. "ಯಾರ್ದ್ರೀ ಇದು? ಕಟ್ಟಿದೋರು ಯಾರು?" ಸುತ್ತ ಇದ್ದವರೆಲ್ಲ ತಿರುಗಿದರು. ಅಪ್ಪ ಆ ಪೊರಕೆ ಕಡ್ಡಿಯನ್ನು ನೋಡಿದ, ಆಮೇಲೆ ಅವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿಬಿಟ್ಟಳು. "ನಾನೇ ಕಟ್ಟಿದ್ದು ಸಾಮಿ," ಅಂದ ಅಪ್ಪ. ಅವತ್ತಿನಿಂದ ಕಂಠಪ್ಪ ಆ ಅಂಗಳದಲ್ಲಿ ಯಾರೂ ಕೇಳುವ ಮೊದಲೇ ತನ್ನ ಬೇಲ್‌ಗಳ ಹೊಲಿಗೆ ಬಿಚ್ಚಿ ತೋರಿಸುತ್ತ ನಿಲ್ಲುವವನಾದ. ಮನೆಯಲ್ಲಿ ಆ ಮಾತೆತ್ತಲಿಲ್ಲ, ಸಾಯುವತನಕ. ಆ ಗುಮಾಸ್ತನೇ ರೇಣುಕಾಪ್ರಸಾದ್, ಎರಡು ಸೀಸನ್ ದುಡಿದು, ಲೆಕ್ಚರರ್ ಕೆಲಸ ಸಿಕ್ಕಿ ಹುಣಸೂರಿಗೆ ಬಂದ. ತಪ್ಪು ಯಾರದ್ದು, ಸಿಟ್ಟು ಯಾರ ಮೇಲೆ? ಇದು ನ್ಯಾಯವಲ್ಲ ಅಂತ ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಆ ಸಿಟ್ಟಿಗೆ ಅನ್ನ ಹಾಕಿ ಸಾಕಿದ್ದಳು. ಅದೀಗ ಅವಳಷ್ಟೇ ಎತ್ತರ ಬೆಳೆದಿತ್ತು.

ಈಗ ಬೇಲ್ ಅವಳ ತೊಡೆಯ ಮೇಲೆ. ಮೇಲೆ ಹತ್ತು ಒಳ್ಳೆಯ ಫಾರಂ, ಕೆಳಗೆ ಹತ್ತು ಒಳ್ಳೆಯ ಫಾರಂ, ನಡುವೆ ತಾನೇ ತುಂಬಲಿರುವ ನಲವತ್ತು ಕಸ. ಎಲ್ಲಕ್ಕೂ ಒಂದು, ಒಂದು, ಒಂದು. ಅಧ್ಯಾಪಕರ ಬೆಂಬಲವೇ ಈ ಮಕ್ಕಳ ಬಲ ಅಂತ ಅವನು ಆಗಲೇ ಕಾಲೇಜಿನಲ್ಲೆಲ್ಲ ಭಾಷಣ ಬಿಗಿದುಕೊಂಡು ಓಡಾಡುತ್ತಿದ್ದ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪ್ರೊಫೆಸರ್ ಒಬ್ಬ ಕಟ್ಟಿನ ನಡುವಿನಿಂದ ಒಂದು ಹಿಡಿ ಎಳೆಯುತ್ತಾನೆ. "ಏನ್ರೀ ಇದು? ನಲವತ್ತು ಮಕ್ಕಳೂ ಒಂದೇ ಥರ ಬರೆದಿದ್ದಾರಲ್ಲ? ತುಂಬಿದೋರು ಯಾರು?" ಆಗ ಆ ಮುಖ ನೋಡಬೇಕು. ಎಲ್ಲರೆದುರು ಅವನು ಬಾಯಿ ತೆರೆದು, ಮುಚ್ಚಿ, ತಲೆ ತಗ್ಗಿಸುವಾಗ ಅವಳು ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ನೆನೆಸಿಕೊಂಡರೆ ಬಾಯಲ್ಲಿ ನೀರೂರುವಷ್ಟು ಸುಖವಾಯಿತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಅವಳು ಎದ್ದು ಹುಣಸೂರಿನ ಸ್ಟ್ಯಾಂಡಿನಲ್ಲಿ ಇಳಿದಳು.

ಕ್ಲಾಸಿನಲ್ಲಿ ಕೆಲಸ ಸುಲಭವಾಗಿ ಆಯಿತು. ಇಪ್ಪತ್ತು ಜನಕ್ಕೆ ಪೂರ್ತಿ ತುಂಬಲು ಹೇಳಿದಳು. ಉಳಿದವರಿಗೆ ಹೆಸರು, ವಿಳಾಸ, ತಂದೆಯ ಕೆಲಸ ಬರೆದು ಸಹಿ ಹಾಕಿದರೆ ಸಾಕು, ಬಾಕಿಯದು ತಾನು ನೋಡಿಕೊಳ್ಳುತ್ತೇನೆ ಎಂದಳು. ಯಾರೂ ಯಾಕೆ ಅಂತ ಕೇಳಲಿಲ್ಲ. "ಮೇಡಂ, ಪರೀಕ್ಷೆನೂ ಇಂಗೇ ನೀವೇ ಬರ್ಕೊಟ್ಬುಡಿ," ಎಂದ ಗೌರೀಶ, ಎಲ್ಲರೂ ನಕ್ಕರು. ವನಿತಾ ಮಾತ್ರ ಸಹಿ ಹಾಕಿ ಸುಮ್ಮನಾಗಲಿಲ್ಲ. ವೀರನಹೊಸಹಳ್ಳಿಯ ಹತ್ತಿರದ, ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ಹುಡುಗಿ ಅವಳು. ಅಪ್ಪ ಬೆಳ್ಳ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ, ಅವ್ವ ನಿಂಗಿ ಕೊಡಗಿನ ತೋಟಗಳಿಗೆ ಹೋಗಿಬರುವವಳು. ವನಿತಾ ಒಂದೊಂದು ವಾಕ್ಯವನ್ನೂ ತುಟಿಯಲ್ಲಿ ಓದಿಕೊಂಡು, ಯೋಚಿಸಿ, ನೀಲಿ ಪೆನ್ನಿನಲ್ಲಿ ಚೌಕದೊಳಗೆ ಸಣ್ಣ ದುಂಡು ಚುಕ್ಕೆ ಇಡುತ್ತಿದ್ದಳು. ಮಧುಶ್ರೀ ಬಗ್ಗಿ ನೋಡಿದಳು. ಐದು, ಐದು, ನಾಲ್ಕು, ಐದು.

"ಮೇಡಂ, ಮೈಸೂರ್ ಟ್ರೈನಿಂಗ್ ಲಿಸ್ಟ್ ಬಂತಾ?" ಎಂದು ಕೇಳಿದಳು ವನಿತಾ. ಒಂದು ವರ್ಷ ಸಂಬಳ ಕೊಟ್ಟು ಕೆಲಸ ಕಲಿಸುವ ಆ ಟ್ರೈನಿಂಗಿಗೆ ಈ ಕಾಲೇಜಿನಿಂದ ಆರು ಜನ. ಮೂರು ವಾರದಿಂದ ಅವಳು ದಿನಕ್ಕೊಂದು ಸಲ ಇದನ್ನೇ ಕೇಳುತ್ತಿದ್ದಳು.

"ಬರುತ್ತೆ. ನಿನ್ನ ಹೆಸರು ಮೊದಲೇ ಇರುತ್ತೆ ಬುಡು. ನಾನೇ ಸಾರ್‌ಗೆ ಹೇಳಿದೀನಿ."

"ಅವ್ವಂಗೂ ಅಂಗೇ ಅಂದಿವ್ನಿ. ಸೋಮವಾರ ಕೊಡಗಿನ ಜೀಪು ಬತ್ತದೆ, ಕಾಫಿ ಕುಯ್ಯಕ್ಕೆ. ಲಿಸ್ಟ್‌ನಾಗೆ ಎಸ್ರಿದ್ರೆ ನಾನು ಜೀಪು ಅತ್ತಕಿಲ್ಲ ಅಂತ ಗಲಾಟೆ ಮಾಡಿವ್ನಿ."

ಬೆಲ್ ಹೊಡೆಯಿತು. ಮುಂದಿನ ಪೀರಿಯಡ್ಡಿನವರು ಬಾಗಿಲಲ್ಲಿ ನಿಂತಿದ್ದರು. ವನಿತಾ ಇನ್ನೂ ಹದಿಮೂರನೆಯ ಪ್ರಶ್ನೆಯಲ್ಲಿದ್ದಳು. "ಸಾಕು ಕೊಡೇ, ಉಳಿದದ್ದು ನಾನು ಹಾಕ್ತೀನಿ," ಎಂದು ಮಧುಶ್ರೀ ಹಾಳೆಗೆ ಕೈ ಹಾಕಿದಳು. ವನಿತಾ ಒಂದು ಕ್ಷಣ ಹಾಳೆಯನ್ನು ಬಿಡಲಿಲ್ಲ, ಆಮೇಲೆ ನಕ್ಕು, "ನೀವಾದ್ರೆ ಸರಿ ಬುಡಿ ಮೇಡಂ. ನಿಮ್ಗೆ ಗೊತ್ತಲ್ಲ ನಾನು," ಎಂದಳು.

ಸ್ಟಾಫ್ ರೂಮು ಖಾಲಿಯಿತ್ತು. ಮಧುಶ್ರೀ ಬಾಗಿಲು ಮುಂದೆ ಮಾಡಿ, ಚೀಲದಿಂದ ಐದು ಥರದ ಪೆನ್ನು ತೆಗೆದು ಸಾಲಾಗಿಟ್ಟುಕೊಂಡಳು. ಒಂದು. ಒಂದು. ಒಂದು. ಮೊದಲು ಕೈ ಹೆದರಿತು, ಹತ್ತು ಫಾರಂ ಆಗುವಷ್ಟರಲ್ಲಿ ಓಡತೊಡಗಿತು. ಹೊಸಬರೆದುರು ಮಾತಾಡಲು ಧೈರ್ಯವಿದೆಯೇ? ಖಂಡಿತ ಇಲ್ಲ, ನೀನೇ ಕಸಿದುಕೊಂಡೆಯಲ್ಲೋ. ಇನ್ನೊಂದು ಕೆಲಸ ಹುಡುಕಿಕೊಳ್ಳಬಲ್ಲೆಯಾ? ಖಂಡಿತ ಇಲ್ಲ, ನಿನ್ನ ಬಾಗಿಲಲ್ಲೇ ನಾಯಿಯ ಹಾಗೆ ಬಿದ್ದಿದ್ದೀನಿ, ನೋಡು. ಪ್ರತಿ ಹಾಳೆಯಲ್ಲೂ ಹತ್ತೊಂಬತ್ತನೆಯದಕ್ಕೆ ಬಂದಾಗ ಪೆನ್ನನ್ನು ಒತ್ತಿ ಹಿಡಿದು, ಕೆಳಗಿನ ಹಾಳೆಗೂ ಗುರುತು ಬೀಳುವಂತೆ ಗೀಚಿದಳು. ಹೆಸರುಗಳು ಕಣ್ಣಿಗೆ ಬೀಳುವುದು ನಿಂತುಹೋಯಿತು. ಅವು ಬರೀ ಹಾಳೆಗಳಾದವು. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಎದುರಿಗೆ ಬಂದಾಗ ಅದರಲ್ಲಿ ನೀಲಿ ದುಂಡು ಚುಕ್ಕೆಗಳಿದ್ದವು. ಕೈ ನಿಂತಿತು. ಇದನ್ನು ಮೇಲಿನ ಹತ್ತರಲ್ಲಿ ಸೇರಿಸಿ, ಮಿಕ್ಕದ್ದಕ್ಕೆ ಐದು ಹಾಕಿದರಾಯಿತು, ಯಾರು ಕೇಳುತ್ತಾರೆ? ಆದರೆ ಹಾಳೆಗಳ ಮೇಲಿನ ಕ್ರಮಸಂಖ್ಯೆ ಕೆಡುತ್ತದೆ. ನಡುವೆ ಇದೊಂದೇ ಚೆನ್ನಾಗಿದ್ದರೆ ಬೇಲ್ ಕೆಡುತ್ತದೆ. ಇದು ಬರೀ ಸಂಶೋಧನೆಯ ಕಾಗದ, ಇದರಿಂದ ಆ ಹುಡುಗಿಗೆ ಆಗುವುದು ಹೋಗುವುದು ಏನಿದೆ? ಟ್ರೈನಿಂಗಿಗೆ ಅಂಕಪಟ್ಟಿ ನೋಡುತ್ತಾರೆ. ಹೀಗೆಲ್ಲ ಅಂದುಕೊಳ್ಳುವಷ್ಟರಲ್ಲಿ ಕೈ ಹದಿನಾಲ್ಕರಿಂದ ಇಪ್ಪತ್ತನಾಲ್ಕರವರೆಗೆ ಇಳಿದು ಮುಗಿಸಿತ್ತು. ದಾರ ಬಿಗಿದು ಗಂಟು ಹಾಕಿದಳು. ನೆಲ ಚೊಕ್ಕವಾದಂತೆ ಅನ್ನಿಸಿತು.

ಊಟದ ಹೊತ್ತು ಕಳೆದ ಮೇಲೆ ಕಟ್ಟನ್ನೂ ಕಾಫಿಯನ್ನೂ ತೆಗೆದುಕೊಂಡು ಅವನ ಕೋಣೆಗೆ ಹೋದಳು. ರೇಣುಕಾಪ್ರಸಾದ್ ಕನ್ನಡಕ ಹಣೆಗೇರಿಸಿಕೊಂಡು ಯಾವುದೋ ಪತ್ರ ಓದುತ್ತಿದ್ದ. ಮುದುಕನಾಗುತ್ತಿದ್ದ, ಕತ್ತಿನ ಹತ್ತಿರ ಚರ್ಮ ಜೋತಿತ್ತು. "ಬಾಮ್ಮ ಬಾ, ಕೂತ್ಕೋ. ಒಳ್ಳೇ ಹೊತ್ತಿಗೆ ಬಂದೆ," ಎಂದ. ದಾರ ಬಿಚ್ಚಿದ. ಮೇಲಿನದನ್ನು ನೋಡಲಿಲ್ಲ, ಕೆಳಗಿನದನ್ನೂ ನೋಡಲಿಲ್ಲ. ಶರ್ಟಿನ ತೋಳು ಹಿಂದೆ ಸರಿಸಿ, ನಡುವೆ ಬೆರಳು ತೂರಿಸಿ ಒಂದು ಹಿಡಿ ಹಾಳೆ ಎಳೆದ. ಮಧುಶ್ರೀ ಕುರ್ಚಿಯ ತುದಿಗೆ ಸರಿದಳು. ಅಯ್ಯೋ, ಇದನ್ನು ಹೇಗೆ ಮರೆತೆ? ನಡುವೆ ಕೈ ಹಾಕುವುದನ್ನು ಈ ಮನುಷ್ಯನಿಗೆ ಬೇರೆ ಯಾರಾದರೂ ಕಲಿಸಬೇಕೇ?

ಅವನು ನಾಲ್ಕಾರು ಹಾಳೆ ತಿರುವಿದ. ಸಿಟ್ಟು ಬರಲಿಲ್ಲ. "ಎಲ್ಲಾ ಒಂದೇ ಹಾಕಿವೆ ಮುಂಡೇವು. ಓದದೇನೇ ಗೀಚಿರೋದು," ಎಂದು ನಕ್ಕ. "ಹೋಗ್ಲಿ ಬಿಡು. ನನ್ನ ಪ್ರಬಂಧಕ್ಕೆ ಇದರಿಂದೇನೂ ತೊಂದ್ರೆಯಿಲ್ಲ. ಇಂಥ ಕಟ್ಟನ್ನ ತೆಗೆದಿಡೋಕೆ ಸ್ಟಾಟಿಸ್ಟಿಕ್ಸ್‌ನಲ್ಲೇ ಅವಕಾಶ ಇದೆ. ಬೇರೆ ಕಾಲೇಜುಗಳದ್ದು ಬೇಕಾದಷ್ಟಿದೆ." ಹದಿನಾಲ್ಕು ವರ್ಷ ಸಾಕಿದ್ದನ್ನು ಅವನು ಒಂದು ಕೈಯಲ್ಲಿ ಎತ್ತಿ ಮೇಜಿನ ಬದಿಗಿಟ್ಟುಬಿಟ್ಟ. ಕಾಫಿ ಒಂದು ಗುಟುಕು ಕುಡಿದ. "ಆದ್ರೆ ನಿಮ್ಮ ಹುಡುಗರದ್ದೇ ತೊಂದ್ರೆಯಾಯ್ತು ನೋಡು. ಮೈಸೂರಿನೋರು ಪತ್ರ ಬರೆದಿದ್ದಾರೆ. ಬರೀ ಮಾರ್ಕ್ಸ್ ಬೇಡ, ಹೊಂದ್ಕೊಂಡು ಹೋಗೋ ಮಕ್ಕಳನ್ನ ಕಳಿಸಿ ಅಂತ. ಬೇರೆ ಟೆಸ್ಟ್ ಯಾಕೆ, ಈ ಫಾರಂನಿಂದಲೇ ಆರಿಸಿಬಿಡೋಣ ಅಂದ್ಕೊಂಡಿದ್ದೆ. ಮೊದಲೇ ಹೇಳಿದ್ರೆ ಎಲ್ಲಾ ಐದೇ ಹಾಕ್ತಾರೆ ಅಂತ ನಿಂಗೂ ಹೇಳಿರಲಿಲ್ಲ." ಬೆರಳಿಗೆ ಎಂಜಲು ಹಚ್ಚಿ ಹಾಳೆ ಸರಿಸಿದ. "ವನಿತಾ ಅಂತ ಹೇಳ್ತಿದ್ದೆಯಲ್ಲ ನೀನು? ಆ ಹುಡುಗಿಗೆ ಕೊಡಬೇಕು ಅಂತ ನನಗೂ ಇತ್ತು. ನೋಡು, ಅವಳೂ ಇದರಲ್ಲೇ ಇದ್ದಾಳೆ. ಅರ್ಧ ಚೆನ್ನಾಗಿದೆ, ಆಮೇಲೆ ಎಲ್ಲಾ ಒಂದು. ಕರಿ ಅವಳನ್ನ, ಕೇಳೋಣ."

ಕರೆಯಬೇಕಾಗಿರಲಿಲ್ಲ. ಪಟ್ಟಿ ಕೇಳಲೆಂದು ಅವಳು ಹೊರಗೆ ವರಾಂಡದಲ್ಲೇ ನಿಂತಿದ್ದಳು. ಅವಳು ಒಳಗೆ ಬರುವಷ್ಟರಲ್ಲಿ ರೇಣುಕಾಪ್ರಸಾದ್ ಮಧುಶ್ರೀಯ ಕಡೆ ಬಾಗಿ, ಅಕ್ಕರೆಯಿಂದಲೇ, "ಹೆದರಿರಬೇಕು ಕಣಮ್ಮ. ನೀನೂ ಹಂಗೇ ಅಲ್ವಾ? ಅಷ್ಟು ಜಾಣೆ ಇದ್ದೆ, ಅವತ್ತು ಯಾಕೋ ಇಂಟರ್‌ವ್ಯೂನಲ್ಲಿ ಬಾಯೇ ಬಿಡಲಿಲ್ಲ. ನಾನೆಷ್ಟು ಬೇಜಾರು ಮಾಡ್ಕೊಂಡೆ ಗೊತ್ತಾ," ಎಂದ. ಅವನಿಗೆ ನೆನಪಿತ್ತು. ಹೀಗೆ ನೆನಪಿತ್ತು! ಆ ಜೋತ ಕತ್ತಿಗೆ ಕೈ ಹಾಕಿಬಿಡುತ್ತೇನೇನೋ ಅಂತ ಹೆದರಿ ಮಧುಶ್ರೀ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ನಿನ್ನದೇನಮ್ಮ?" ಎಂದು ಅವನು ಹಾಳೆಯನ್ನು ವನಿತಾಳ ಕೈಗೆ ಕೊಟ್ಟ. "ಹದಿನಾಲ್ಕರಿಂದ ಮುಂದೆ ನೋಡು. ಎಲ್ಲಾ ಒಂದು ಹಾಕಿದೀಯ. ಟ್ರೈನಿಂಗ್ ಬೇಕು ಅನ್ನೋಳು ಹಿಂಗಾ ಹಾಕೋದು? ಇದನ್ನ ಹಾಕಿದ್ದು ನೀನೇನಾ?"

ವನಿತಾ ನೋಡಿದಳು. ಅವಳ ಕಣ್ಣು ತನ್ನ ನೀಲಿ ಚುಕ್ಕೆಗಳ ಮೇಲೆ ಒಂದೊಂದಾಗಿ ಇಳಿದು, ಹದಿಮೂರರಲ್ಲಿ ನಿಂತು, ಕಪ್ಪು ಗೀಟುಗಳ ಮೇಲೆ ಮುಂದೆ ಹೋಗಿ, ಹತ್ತೊಂಬತ್ತರಲ್ಲಿ ಮತ್ತೆ ನಿಂತಿತು. ಅಲ್ಲಿ ಹಾಳೆ ಹರಿಯುವಷ್ಟು ಒತ್ತಿ ಗೀಚಿತ್ತು. ತಲೆಯೆತ್ತಿ ಮಧುಶ್ರೀಯನ್ನು ನೋಡಿದಳು, ಕಾದಳು. ಅದು ನಾನು ಹಾಕಿದ್ದು ಸಾರ್ ಅಂದರೆ ಸಾಕಾಗಿತ್ತು. ಹೇಳು, ಬಾಯಿ ಬಿಡು, ಮುಂಡೇದೇ, ಎಂದು ಮಧುಶ್ರೀ ತನಗೆ ತಾನೇ ಬೈದುಕೊಂಡಳು. ಹೇಳಿದರೆ ಅವನು ನಗುತ್ತಾನೆ. ಕಂಠಪ್ಪನ ಮಗಳು ಅಂತ ನಗುತ್ತಾನೆ, ಕೆಲಸದಿಂದ ತೆಗೆಯುತ್ತಾನೆ. ಅವನನ್ನು ಕಾಯುವುದಕ್ಕೆ ಆಮೇಲೆ ಜಾಗವೇ ಇರುವುದಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು. ಈ ಸಲ ಯಾರೂ ನಕ್ಕಿರಲಿಲ್ಲ.

"ನಾನೇ ಹಾಕಿದ್ದು ಸಾರ್," ಎಂದಳು ವನಿತಾ. ಹಾಳೆಯನ್ನು ಮೇಜಿನ ಮೇಲೆ, ಮಧುಶ್ರೀಯ ಕಡೆಗೆ ತಿರುಗಿಸಿಟ್ಟಳು. "ಅತ್ತೊಂಬತ್ತನೇದು ಸರಿಯಾಗೇ ಐತೆ."

"ಸುಳ್ಳು ಹೇಳಲಿಲ್ಲವಲ್ಲ, ಅದನ್ನ ಮೆಚ್ಚಬೇಕು," ಎಂದು ರೇಣುಕಾಪ್ರಸಾದ್ ಪತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಹೆಸರೊಂದರ ಮೇಲೆ ಗೆರೆ ಎಳೆದ. ಹರಾಜು ಕಟ್ಟೆಯಲ್ಲಿ ಅಪ್ಪ ಇದೇ ಮಾತಾಡಿದಾಗ ಅಪ್ಪನ ಕಣ್ಣಲ್ಲಿ ಏನಿತ್ತು ಅನ್ನುವುದನ್ನು ಮಧುಶ್ರೀ ನೋಡಿರಲಿಲ್ಲ, ತಲೆ ತಗ್ಗಿಸಿದ್ದಳು. ಈಗ ತಗ್ಗಿಸಲಾಗಲಿಲ್ಲ. ವನಿತಾ ಬಿಡಲಿಲ್ಲ. ಆ ಕಣ್ಣಿನಲ್ಲಿ ನೀರಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅಲ್ಲಿದ್ದದ್ದನ್ನು ಮಧುಶ್ರೀ ಚೆನ್ನಾಗಿ ಬಲ್ಲಳು. ಹದಿನಾಲ್ಕು ವರ್ಷ ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡಿದ್ದಳು.

ವನಿತಾ ಬಾಗಿಲತನಕ ಹೋಗಿ ತಿರುಗಿದಳು.

"ಮೇಡಂ, ಸೋಮವಾರ ನಿಮ್ ಕ್ಲಾಸ್ ಎಷ್ಟ್ ಗಂಟೆಗೆ?"

"ಹತ್ತಕ್ಕೆ," ಎಂದಳು ಮಧುಶ್ರೀ. "ಜೀಪು ಬರುತ್ತೆ ಅಂದೆಯಲ್ಲ?"

"ಜೀಪಿಗೆ ಅವ್ವ ಓಯ್ತಳೆ. ನಾನು ಬತ್ತೀನಿ ಮೇಡಂ. ದಿನಾ ಬತ್ತೀನಿ. ಮುಂದಿನ ಬೆಂಚ್‌ನಾಗೇ ಕುಂತ್ಕತೀನಿ."